ಹೆದ್ದಾರಿಯ ಬದಿಯ ಹೊಲಗಳು
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಮಾತನಾಡಲು ಕರೆದಾಗ ಬಹಳ ಸಂಕೋಚವಾಯಿತು. ನಾನು ಸಾಹಿತಿಯಲ್ಲ, ಕಲಾವಿದನೂ ಅಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕು ಸೇರಿ, ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುವ ಗುಮಾಸ್ತ. "ನಿಮ್ಮ ಫೋಟೋ ಹುಚ್ಚಿನ ವಿಷಯವನ್ನೇ ಹೇಳಿಬಿಡಿ" ಎಂದು ಅವರು ಅಭಯ ಕೊಟ್ಟುದರಿಂದ ಧೈರ್ಯ ಮಾಡಿದ್ದೇನೆ. ನಮ್ಮ ನಾಡಿನಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆಯವರು 1970ರ ದಶಕದಲ್ಲಿ ಅರ್ಥಮಂತ್ರಿಗಳಾಗಿದ್ದವರು. ವನ್ಯಜೀವಿಗಳ ಛಾಯಾಚಿತ್ರ ತೆಗೆಯುವುದರಲ್ಲಿಯೂ ಹೆಸರುವಾಸಿಯಾದವರು. ರಾಜ್ಯದ ಲೆಕ್ಕ ನೋಡಿದವರಿಗೇ ಈ ಹುಚ್ಚು ಇದ್ದಿತೆಂದ ಮೇಲೆ ಶಾಖೆಯ ಲೆಕ್ಕ ನೋಡುವವನಿಗೆ ಇರಬಾರದೇಕೆ?

ನನ್ನ ಕೆಲಸ ದೆಹಲಿಯಲ್ಲಿ. ನನ್ನ ಮನೆಯಾಕೆಯ ಕೆಲಸ ಆಗ್ರಾದಲ್ಲಿ. 2015ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆದುದರಿಂದ ತಿಂಗಳಿಗೆ ಎರಡು ಸಲ, ಐದು ವರ್ಷಗಳಿಂದ, ಸುಮಾರು 200 ಕಿಲೋಮೀಟರ್ ಹೋಗಿ ಬರುತ್ತಿದ್ದೇನೆ. ಹೋಗಲು ಎರಡು ದಾರಿಗಳುಂಟು. 2012ರಲ್ಲಿ ತೆರೆದ 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್ ದಾರಿ ಒಂದು. ಅದು ಬೇಗ ಮುಟ್ಟಿಸುತ್ತದೆ, ಆದರೆ ಕಂಡಕಂಡಲ್ಲಿ ನಿಲ್ಲಗೊಡುವುದಿಲ್ಲ. ಇನ್ನೊಂದು ಫರೀದಾಬಾದು, ಪಲ್ವಲ್, ಹೋಡಲ್, ಕೋಸಿ, ಮಥುರೆಗಳ ಮೇಲೆ ಹಾಯುವ ಹಳೆಯ ದಾರಿ. ನಾನು ಈ ಹಳೆಯ ದಾರಿಯ ಒಕ್ಕಲು. ಇಲ್ಲಿ ಧಾಬಾದ ಅಂಗಳದಲ್ಲಿ ಗಾಡಿ ಬಿಟ್ಟು, ಒಂದು ಲೋಟ ಚಹಾ ಕುಡಿದು, ಬದುವಿನ ಮೇಲೆ ನಡೆದುಹೋಗಬಹುದು. ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಪಟ ತೆಗೆಯಬೇಡಿರೆಂದು ಕಿರಿಯರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಯಾವ ಪಟವೂ ಪ್ರಾಣಕ್ಕಿಂತ ದೊಡ್ಡದಲ್ಲ.

ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋದರೆ ಬೇಸರವಾಗುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಖಾತೆ ಒಂದೇ ಆದರೂ ಅದರಲ್ಲಿ ಬೀಳುವ ಜಮಾ ಖರ್ಚು ದಿನವೂ ಬೇರೆಯಲ್ಲವೇ? ನವೆಂಬರಿನಲ್ಲಿ ಬತ್ತದ ಕೂಳೆ ಹೋಗಿ ಗೋಧಿಯ ಬಿತ್ತನೆ. ಪುಷ್ಯಮಾಸದಲ್ಲಿ ಮಂಜು ಹೇಗೆ ಕವಿಯುತ್ತದೆಂದರೆ ಹತ್ತು ಮಾರು ದೂರದ ಮರ ಕಾಣದು. ಅದು ಸರಿದಾಗ ಸಾಸಿವೆ ಹೂವಿನ ಹಳದಿ. ಏಪ್ರಿಲಿನಲ್ಲಿ ಹೊನ್ನಿನಂಥ ಗೋಧಿ, ಮಳೆಗಾಲದಲ್ಲಿ ನೀರು ನಿಂತ ಗದ್ದೆ, ಅಲ್ಲಿ ಜೋಡಿಯಾಗಿ ನಡೆಯುವ ಸಾರಸ ಪಕ್ಷಿಗಳು. ಹಳ್ಳಿಯ ಹೆಂಗಸರು ಬೆರಣಿಗಳನ್ನು ಗುಡಿಸಲಿನಂತೆ ಪೇರಿಸಿ, ಮೇಲೆ ಸಗಣಿ ಸಾರಿಸಿ, ಬೆರಳಿನಿಂದ ಚಿತ್ತಾರ ಎಳೆಯುತ್ತಾರೆ. ಅದನ್ನು ಅವರು ಬಿಟೋಡಾ ಎನ್ನುತ್ತಾರೆ. ನಮ್ಮೂರಿನ ಹುಲ್ಲಿನ ಬಣವೆಯ ತಂಗಿಯೆಂದು ತಿಳಿಯಿರಿ.

ಈ ದಾರಿಯ ಬದಿಯಲ್ಲಿ ಅಲ್ಲಲ್ಲಿ ಇಟ್ಟಿಗೆ ಗಾರೆಯ ಕಂಬಗಳು ನಿಂತಿವೆ: ಕೆಳಗೆ ಎಂಟು ಮೂಲೆ, ಮೇಲೆ ಗುಂಡಗೆ, ಎತ್ತರ ಸುಮಾರು ಮೂವತ್ತು ಅಡಿ. ಇವೇ ಕೋಸ್ ಮಿನಾರುಗಳು. ಜಹಾಂಗೀರ್ ಬಾದಶಹನು 1619ರಲ್ಲಿ ಆಗ್ರಾದಿಂದ ಲಾಹೋರಿನವರೆಗೆ ಕೋಸಿಗೊಂದು ಕಂಬ, ಮೂರು ಕೋಸಿಗೊಂದು ಬಾವಿ ಆಗಬೇಕೆಂದು ಅಪ್ಪಣೆ ಮಾಡಿದನು. ಕೋಸ್ ಎಂದರೆ ನಮ್ಮ ಕ್ರೋಶವೇ. ದೆಹಲಿಯ ಮೃಗಾಲಯದೊಳಗೂ ಇಂಥದೊಂದು ಕಂಬವಿದೆ. ಮಕ್ಕಳೊಡನೆ ಹೋದವರು ಹುಲಿಯನ್ನು ನೋಡಿ ಇದನ್ನು ಬಿಟ್ಟುಬಂದಿರಬಹುದು.

ಇಷ್ಟೇ ಆಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಹೇಳಬೇಕಾದುದು ಮುಂದಿದೆ.

ಹೋಡಲ್ ದಾಟಿದ ಮೇಲೆ ಒಂದು ಹೊಲದ ನಡುವೆ ದೊಡ್ಡ ಬೇವಿನ ಮರವಿದ್ದಿತು. ಮೊದಲ ಸಲ ಅದರ ಪಟ ತೆಗೆಯುತ್ತಿದ್ದಾಗ ಮುದುಕನೊಬ್ಬ ಕೋಲು ಹಿಡಿದು ಓಡಿಬಂದು, "ಯಾವ ಕಚೇರಿಯವನು ನೀನು? ಮತ್ತೆ ಅಳತೆಗೆ ಬಂದೆಯಾ?" ಎಂದು ಗದರಿದ. ಕ್ಯಾಮೆರಾ ಅವನ ಕಣ್ಣಿಗೆ ಭೂಮಿ ಕಸಿಯುವವರ ಉಪಕರಣವಾಗಿ ಕಂಡಿತ್ತು. "ಇಲ್ಲ ತಾವೂಜಿ, ನಾನು ಬ್ಯಾಂಕಿನವನು" ಎಂದೆ. ಅವನ ಅನುಮಾನ ಇಮ್ಮಡಿಯಾಯಿತು! ಕಡೆಗೆ, ನಾನು ದಕ್ಷಿಣದ ರೈತನ ಮಗ, ಮರ ಚೆಂದವಿದೆಯೆಂದು ನಿಂತೆ ಎಂದ ಮೇಲೆ ನಕ್ಕು ಮಜ್ಜಿಗೆ ಕೊಟ್ಟ. ಆಮೇಲೆ ಕೇಳದೆ ಯಾರ ಹೊಲಕ್ಕೂ ನಾನು ಕಾಲಿಟ್ಟಿಲ್ಲ.

ಮೂರು ವರ್ಷ ಎಲ್ಲ ಋತುಗಳಲ್ಲಿಯೂ ಆ ಬೇವನ್ನು ತೆಗೆದೆ. ಒಂದು ಶನಿವಾರ ಹೋದಾಗ ಮರವಿಲ್ಲ. ಬುಡ ಮಾತ್ರ ಇದೆ. ಅಣ್ಣತಮ್ಮಂದಿರ ಪಾಲಾಗಿ, ಆ ತುಂಡು ಮಾರಾಟವಾಗಿತ್ತು. ಮುದುಕ, "ನಿನ್ನ ಹತ್ತಿರ ಮರದ ಪಟವಿದೆಯಲ್ಲ, ಒಂದು ಕೊಡು" ಎಂದ. ಸಾಸಿವೆ ಹೂವಿನ ನಡುವೆ ಮರ ನಿಂತಿದ್ದ ಅತ್ಯುತ್ತಮವಾದ ಪಟವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಒಯ್ದೆ. ಅವನು ಬಹಳ ಹೊತ್ತು ನೋಡಿದ. ಚೌಕಟ್ಟಿನ ಎಡದಂಚನ್ನು ಬೆರಳಿನಿಂದ ತಡವಿ, "ಇವಳೆಲ್ಲಿ?" ಎಂದ. ಆ ದಿನ ಅವನ ಹೆಂಡತಿ ಅಲ್ಲಿಯೇ ಮೇವು ಕೊಯ್ಯುತ್ತಿದ್ದಳಂತೆ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು.

ಮನೆಗೆ ಬಂದು ಮೂಲ ಪಟವನ್ನು ತೆಗೆದು ನೋಡಿದೆ. ಎಡದ ಅಂಚಿನಲ್ಲಿ ಕೆಂಪು ಓಢಣಿಯ ಒಂದು ಚುಕ್ಕೆ. ಬೆನ್ನು ಬಾಗಿದೆ, ಕೈಯಲ್ಲಿ ಕುಡುಗೋಲು. ನೋಟ ಕೆಡುತ್ತದೆಂದು ಅದನ್ನು ಕತ್ತರಿಸಿದವನು ನಾನೇ! ನನ್ನ ಲೆಕ್ಕದಲ್ಲಿ ಅದು ದೋಷ. ಅವನ ಲೆಕ್ಕದಲ್ಲಿ ಅದೊಂದೇ ಆಸ್ತಿ. ಮುಂದಿನ ರಜೆಯಲ್ಲಿ ಇಡೀ ಪಟವನ್ನು ಮಾಡಿಸಿ ಕೊಟ್ಟೆ. ಅವನು ಮಾತನಾಡಲಿಲ್ಲ, ಒಳಗೆ ಹೋಗಿ ಸೊಸೆಯನ್ನು ಕರೆದು ತೋರಿಸಿದ.

ಅಂದು ಆಗ್ರಾದವರೆಗೂ ನನಗೆ ಒಂದೇ ಯೋಚನೆ. ನಾನು ಚಿಕ್ಕಬಳ್ಳಾಪುರದ ಕಡೆಯವನು. ನನ್ನ ತಾಯಿ ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ ನಿಂತ ಪಟಗಳಿವೆ. ನಮ್ಮನ್ನು ಓದಿಸಿದ ಹೊಲದಲ್ಲಿ ಅವಳು ನಿಂತ ಪಟ ಒಂದೂ ಇಲ್ಲ. ಪರರ ಹೊಲಗಳ ಸಾವಿರಾರು ಪಟ ತೆಗೆದವನ ಖಾತೆಯಲ್ಲಿ ಇಷ್ಟು ದೊಡ್ಡ ಬಾಕಿ! ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ, ನಂದಿಬೆಟ್ಟ ಕಾಣುವ ನಮ್ಮ ರಾಗಿ ಹೊಲದಲ್ಲಿ ಅಮ್ಮ ಕಳೆ ಕೀಳುತ್ತಿದ್ದಳು. ಕ್ಯಾಮೆರಾ ಕಂಡು, "ತಾಳಪ್ಪಾ, ಒಳ್ಳೆ ಸೀರೆ ಉಟ್ಕೊಂಡು ಬತ್ತೀನಿ" ಎಂದಳು. "ಬೇಡಮ್ಮಾ, ಹಿಂಗೇ ಇರು" ಎಂದೆ. ಆ ಪಟದಲ್ಲಿ ಬೆಟ್ಟ ಸ್ವಲ್ಪ ಓರೆಯಾಗಿದೆ, ಬೆಳಕೂ ಸಾಲದು. ಆದರೆ ಯಾವ ಅಂಚನ್ನೂ ನಾನು ಕತ್ತರಿಸಿಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ದೆಹಲಿಯಿಂದ ಹೋಡಲಿನ ಮೇಲೆ ಆಗ್ರಾಕ್ಕೆ ಹೋಗುವ ಈ ದಾರಿ ರಾಷ್ಟ್ರೀಯ ಹೆದ್ದಾರಿ 44. ಅದು ಆಗ್ರಾದಲ್ಲಿ ನಿಲ್ಲುವುದಿಲ್ಲ. ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದುಗಳನ್ನು ದಾಟಿ, ಬಾಗೇಪಲ್ಲಿಯ ಹತ್ತಿರ ನಮ್ಮ ನಾಡನ್ನು ಹೊಕ್ಕು, ಚಿಕ್ಕಬಳ್ಳಾಪುರ ಬೆಂಗಳೂರುಗಳ ಮೇಲೆ ಕನ್ಯಾಕುಮಾರಿಗೆ ಸಾಗುತ್ತದೆ. ಮುದುಕನ ಬೇವೂ ಅಮ್ಮನ ರಾಗಿ ಹೊಲವೂ ಒಂದೇ ದಾರಿಯ ಮೇಲಿನ ಊರುಗಳವು. ದೂರ ಬಂದೆವೆಂದು ನಾವು ಕೊರಗುವುದುಂಟು. ದಾರಿ ಮಾತ್ರ ಕಡಿದಿಲ್ಲ.

ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ನೀವೆಲ್ಲರೂ ಒಂದೊಂದು ಪಟ ತರಬೇಕೆಂದು ಬೇಡುತ್ತೇನೆ. ಜೋಗ ಬೇಡ, ಹಂಪೆಯೂ ಬೇಡ. ಅವುಗಳ ಪಟ ತೆಗೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಿಮ್ಮ ಮನೆಯವರು ದುಡಿದ ಜಾಗದಲ್ಲಿ, ದುಡಿಯುವ ಬಟ್ಟೆಯಲ್ಲಿ ನಿಂತ ಒಂದು ಪಟ ಸಾಕು. ಅದು ಇನ್ನೂ ನಿಮ್ಮಲ್ಲಿಲ್ಲವಾದರೆ, ಈ ಸಲ ಊರಿಗೆ ಹೋದಾಗ ತಡಮಾಡಬೇಡಿ.