ಪಿಟೀಲು, ವಾದ್ಯವೃಂದ ಮತ್ತು ಧ್ವನಿಮುದ್ರಣ



ಈ ಸಂಜೆಯ ಭಾಷಣಕ್ಕೆ ಆರಿಸಿಕೊಂಡಿರುವ ವಿಷಯವು ಮೊದಲ ನೋಟಕ್ಕೆ ದೂರದೇಶದ್ದೆಂದು ತೋರಬಹುದು. ಒಂದು ಪಿಟೀಲಿಗೂ ಒಂದು ತುಂಬಿದ ವಾದ್ಯವೃಂದಕ್ಕೂ ಕೂಡಿಸಿ ಬರೆದ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸುವುದು ಹೇಗೆ, ಅದರ ತೊಡಕುಗಳಾವುವು, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದೇ ಆ ವಿಷಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ರಸಿಕರು “ಇದು ನಮಗೇತಕ್ಕೆ?” ಎಂದು ಕೇಳಿದರೆ ತಪ್ಪಲ್ಲ. ಅವರ ಕಿವಿ ಹಿಂದೂಸ್ತಾನಿ ಗಾಯನಕ್ಕೆ ಹದಗೊಂಡದ್ದು. ಕಾಗವಾಡದಿಂದ ಗಡಿ ದಾಟಿದರೆ ಸಮೀಪದಲ್ಲಿಯೇ ಮಿರಜ. ತಂಬೂರಿ ಸಿತಾರುಗಳ ತಯಾರಿಕೆಗೆ ಹೆಸರಾದ ಊರು, ಉಸ್ತಾದ್ ಅಬ್ದುಲ್ ಕರೀಂ ಖಾನರು ಬಾಳಿದ ಊರು. ಖಾನರು ೧೯೩೭ರಲ್ಲಿ ತೀರಿಕೊಂಡರು. ಅವರ ಕಂಠ ತೀರಲಿಲ್ಲ. ಅಂಗಡಿಯೊಂದರಲ್ಲಿ ಅವರ ತಟ್ಟೆಯನ್ನು ಕೇಳಿದ ಬಾಲಕ ಭೀಮಸೇನ ಜೋಶಿಯವರು ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟ ಕಥೆಯನ್ನು ಬಲ್ಲವರಿಗೆ ಧ್ವನಿಮುದ್ರಣದ ಬಲವನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಒಬ್ಬ ಗಾಯಕನನ್ನು ಮುದ್ರಿಸುವುದು ಒಂದು ಬಗೆಯ ಕೆಲಸ; ಅರುವತ್ತು ಎಪ್ಪತ್ತು ವಾದ್ಯಗಳ ನಡುವೆ ನಿಂತ ಒಂಟಿ ಪಿಟೀಲನ್ನು ಮುದ್ರಿಸುವುದು ಇನ್ನೊಂದು ಬಗೆಯದು. ಇಂಥ ಕೃತಿಗೆ ಪಾಶ್ಚಾತ್ಯರು ಕನ್ಸರ್ಟೊ ಎಂದು ಹೆಸರಿಟ್ಟಿದ್ದಾರೆ. ಇದರಲ್ಲಿ ಪಿಟೀಲು ನಮ್ಮ ಕಚೇರಿಯಲ್ಲಿ ಮಾಡುವಂತೆ ಹಾಡುಗಾರನ ಹಿಂದೆ ನಡೆಯುವುದಿಲ್ಲ. ಅದು ಮೇಳದೊಡನೆ ಮಾತನಾಡುತ್ತದೆ, ವಾದಿಸುತ್ತದೆ, ಕೆಲವೊಮ್ಮೆ ಮೇಳವನ್ನೆಲ್ಲ ಸುಮ್ಮನಿರಿಸಿ ತಾನೊಂದೇ ನುಡಿಯುತ್ತದೆ. ಬೀಥೋವನ್, ಮೆಂಡೆಲ್‌ಸನ್, ಬ್ರಾಮ್ಸ್ ಮೊದಲಾದವರು ಬರೆದ ಪಿಟೀಲಿನ ಕನ್ಸರ್ಟೊಗಳು ಜಗತ್ಪ್ರಸಿದ್ಧವಾಗಿವೆ.

ಒಂದರ ದನಿ ಹಲವರ ದನಿಯಲ್ಲಿ ಮುಳುಗದಂತೆ ನೋಡಿಕೊಳ್ಳುವುದೇ ಇಲ್ಲಿಯ ಮೊದಲ ತೊಡಕು. ಈ ತೊಡಕು ನಮ್ಮವರಿಗೆ ಅಪರಿಚಿತವಲ್ಲ. ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲಿ ಪಿಟೀಲಿನ ನಾದವು ಹಿಂದಿನ ಸಾಲಿಗೆ ಮುಟ್ಟುವುದಿಲ್ಲವೆಂದು ಕಂಡು, ನಾಲ್ಕು ತಂತಿಗಳ ಜೊತೆಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಯುರೋಪಿನಲ್ಲಿ ಹಳೆಯ ಧ್ವನಿಮುದ್ರಕರೂ ಇದೇ ತೊಡಕಿಗೆ ಸಿಕ್ಕಿದರು. ಮೈಕ್ರೊಫೋನು ಬಳಕೆಗೆ ಬರುವ ಮುಂಚೆ ಎಲ್ಲ ಶಬ್ದವೂ ಒಂದು ದೊಡ್ಡ ಕಹಳೆಯ ಬಾಯೊಳಗೆ ಹೋಗಿ, ಸೂಜಿಯನ್ನು ನಡುಗಿಸಿ, ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯಬೇಕಾಗಿತ್ತು. ಪಿಟೀಲಿನ ಮೃದುನಾದವು ಆ ಕಹಳೆಗೆ ಸಾಲದು. ಆದುದರಿಂದ ಸ್ಟ್ರೋ ಎಂಬಾತನು ಮರದ ಒಡಲನ್ನೇ ತೆಗೆದುಹಾಕಿ ಲೋಹದ ಕಹಳೆಯನ್ನು ಜೋಡಿಸಿದ ಒಂದು ವಿಚಿತ್ರ ಪಿಟೀಲನ್ನು ಕಂಡುಹಿಡಿದನು. ಅದು ಕೇಳಿಸುತ್ತಿತ್ತು, ನಿಜ. ಆದರೆ ಕೇಳಿಸುತ್ತಿದ್ದುದು ಪಿಟೀಲಿನ ಸೊಗಸಲ್ಲ.

೧೯೨೫ರಲ್ಲಿ ವಿದ್ಯುತ್ತಿನ ಮುದ್ರಣ ಬಂದ ಮೇಲೆ ಮಾತು ಬೇರೆಯಾಯಿತು. ೧೯೨೬ರಲ್ಲಿ ಫ್ರಿಟ್ಸ್ ಕ್ರೈಸ್ಲರ್ ಎಂಬ ಮಹಾವಾದಕರು ಬರ್ಲಿನ್ನಿನಲ್ಲಿ ಲಿಯೊ ಬ್ಲೆಕ್ ಅವರ ನಿರ್ದೇಶನದ ವಾದ್ಯವೃಂದದೊಡನೆ ಬೀಥೋವನ್ನನ ಕನ್ಸರ್ಟೊವನ್ನು ನುಡಿಸಿ ಮುದ್ರಿಸಿದರು. ಆ ತಟ್ಟೆಗಳನ್ನು ಇಂದಿಗೂ ಜನ ಹುಡುಕಿ ಕೇಳುತ್ತಾರೆ. ಆದರೂ ಮೈಕ್ರೊಫೋನು ತಾನೇ ವಿವೇಕಿಯಲ್ಲ. ಅದನ್ನು ಪಿಟೀಲಿಗೆ ಅತಿ ಸಮೀಪದಲ್ಲಿಟ್ಟರೆ ಕಮಾನಿನ ಕೆರೆತ, ವಾದಕನ ಉಸಿರು ಸಹ ಕೇಳಿಸಿ, ಒಂದು ಪಿಟೀಲು ಇಡೀ ಮೇಳಕ್ಕಿಂತ ದೊಡ್ಡದಾಗಿ ತೋರುತ್ತದೆ. ಅದು ಸುಳ್ಳು. ಅತಿ ದೂರದಲ್ಲಿಟ್ಟರೆ ತುತ್ತೂರಿ ನಗಾರಿಗಳ ಅಬ್ಬರದಲ್ಲಿ ಪಿಟೀಲು ಅಡಗಿಹೋಗುತ್ತದೆ. ಅದೂ ಸುಳ್ಳೇ. ಸಭೆಯಲ್ಲಿ ಒಳ್ಳೆಯ ಜಾಗದಲ್ಲಿ ಕುಳಿತವನ ಕಿವಿಗೆ ಯಾವ ಪ್ರಮಾಣದಲ್ಲಿ ಕೇಳಿಸುವುದೋ ಆ ಪ್ರಮಾಣವನ್ನು ಹಿಡಿಯುವುದೇ ಮುದ್ರಕನ ಜಾಣ್ಮೆ.

ಎರಡನೆಯ ತೊಡಕು ಕಾಲದ್ದು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಪಕ್ಕದಲ್ಲಿ ನಾಲ್ಕು, ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚಿನ ಸಂಗೀತ ಹಿಡಿಸುತ್ತಿರಲಿಲ್ಲ. ಬೀಥೋವನ್ನನ ಕನ್ಸರ್ಟೊ ಸುಮಾರು ನಲವತ್ತು ನಿಮಿಷದ್ದು. ಅದರಲ್ಲಿ ಮೊದಲು ವಾದ್ಯವೃಂದವೇ ಸುಮಾರು ಮೂರು ನಿಮಿಷ ನುಡಿದ ಮೇಲೆ ಪಿಟೀಲಿನ ಪ್ರವೇಶ. ಎಂದರೆ, ನಾಯಕನು ರಂಗಕ್ಕೆ ಬರುವ ಹೊತ್ತಿಗೆ ತಟ್ಟೆಯ ಮೊದಲ ಪಕ್ಕ ಮುಗಿಯುತ್ತ ಬಂದಿರುತ್ತಿತ್ತು. ನಾಲ್ಕು ನಿಮಿಷ ನುಡಿಸುವುದು, ನಿಲ್ಲಿಸುವುದು, ಹೊಸ ಮೇಣದ ಬಿಲ್ಲೆ ಬಂದ ಮೇಲೆ ಅದೇ ಲಯವನ್ನೂ ಅದೇ ಭಾವವನ್ನೂ ಹಿಡಿದು ಮುಂದುವರಿಯುವುದು. ಕೊನೆಯ ಕ್ಷಣದಲ್ಲಿ ಒಂದು ಸ್ವರ ಜಾರಿದರೆ ಆ ಪಕ್ಕವನ್ನೆಲ್ಲ ಮತ್ತೆ ನುಡಿಸುವುದು. ಹೀಗಿತ್ತು ಆ ಶ್ರಮ. ೧೯೩೨ರಲ್ಲಿ ಹದಿನಾರು ವರ್ಷದ ಯೆಹೂದಿ ಮೆನುಹಿನ್ ಅವರು ಲಂಡನ್ನಿನಲ್ಲಿ ಎಲ್ಗರ್ ಅವರ ಪಿಟೀಲು ಕನ್ಸರ್ಟೊವನ್ನು, ವೃದ್ಧ ಎಲ್ಗರ್ ಅವರೇ ವಾದ್ಯವೃಂದವನ್ನು ನಡೆಸುತ್ತಿರುವಾಗ, ಈ ರೀತಿಯಲ್ಲಿಯೇ ಮುದ್ರಿಸಿದರು. ಎರಡು ವರ್ಷಗಳಲ್ಲಿ ಎಲ್ಗರ್ ತೀರಿಕೊಂಡರು. ಕೃತಿಕಾರನ ಮನಸ್ಸಿನಲ್ಲಿ ಆ ಕೃತಿಯ ನಡೆ ಹೇಗಿತ್ತೆಂಬುದಕ್ಕೆ ಆ ತಟ್ಟೆಗಳೇ ಸಾಕ್ಷಿ.

ಕಾಲದ ಈ ಕಟ್ಟನ್ನು ಬಿಡಿಸಿದ್ದು ೧೯೪೮ರಲ್ಲಿ ಅಮೆರಿಕದಲ್ಲಿ ಹೊರಬಂದ ದೀರ್ಘವಾದನದ ತಟ್ಟೆ. ಒಂದು ಪಕ್ಕಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾಗಿ ಹಿಡಿಸುವ ಆ ಹನ್ನೆರಡು ಅಂಗುಲದ ತಟ್ಟೆಗಳ ಸಾಲಿನಲ್ಲಿ ಮೊದಲನೆಯ ಸಂಖ್ಯೆ ಪಡೆದದ್ದು ಒಂದು ಪಿಟೀಲಿನ ಕನ್ಸರ್ಟೊವೇ: ನೇಥನ್ ಮಿಲ್‌ಸ್ಟೈನ್ ಅವರು ಬ್ರೂನೊ ವಾಲ್ಟರ್ ಅವರ ನಿರ್ದೇಶನದಲ್ಲಿ ನ್ಯೂಯಾರ್ಕಿನ ವಾದ್ಯವೃಂದದೊಡನೆ ನುಡಿಸಿದ ಮೆಂಡೆಲ್‌ಸನ್ನನ ಕೃತಿ.

ಇನ್ನು ಮೂರನೆಯ ತೊಡಕು; ಇದೇ ಎಲ್ಲಕ್ಕಿಂತ ಕಠಿಣವಾದುದು. ಅದು ಹಣ. ಒಬ್ಬ ವಾದಕನನ್ನೂ ಎಪ್ಪತ್ತು ಮಂದಿ ಸಹವಾದಕರನ್ನೂ ದಿನಗಟ್ಟಲೆ ಕೂರಿಸಲು ಯಾರಾದರೂ ತೆರಬೇಕು. ವ್ಯಾಪಾರಿಯು ಮಾರಾಟವಾಗುವುದನ್ನೇ ಮುದ್ರಿಸುತ್ತಾನೆ. ಅವನನ್ನು ನಿಂದಿಸಿ ಫಲವಿಲ್ಲ. ಮಾರಾಟವಾಗದಿದ್ದರೂ ಉಳಿಯತಕ್ಕದ್ದು ಎಂದು ಬಗೆದು ತೆರುವವನೊಬ್ಬ ಬೇಕು. ಈ ಮಾತಿನಲ್ಲಿ ಕನ್ನಡನಾಡಿಗೆ ಜಗತ್ತಿನ ಸಂಗೀತಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ವಾದನದಲ್ಲಿ ಪರಿಣತರು. ರಷ್ಯದಿಂದ ಬಂದು ಲಂಡನ್ನಿನಲ್ಲಿ ಅನಾರೋಗ್ಯದಿಂದಲೂ ಬಡತನದಿಂದಲೂ ದಿನ ನೂಕುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ಕೃತಿಕಾರರ ಸಂಗೀತವನ್ನು ಮೆಚ್ಚಿ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿ ಹಣವೊದಗಿಸಿದರು. ೧೯೪೭ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮೆಟ್ನರ್ ತಮ್ಮ ಪಿಯಾನೊ ಕನ್ಸರ್ಟೊಗಳನ್ನು ಮುದ್ರಿಸಿದರು. ಸಿಸಿಲಿಯಾ ಹ್ಯಾನ್ಸನ್ ಎಂಬ ಪಿಟೀಲುಗಾರ್ತಿಯೊಡನೆ ತಮ್ಮ ಪಿಟೀಲಿನ ಸೊನಾಟವೊಂದನ್ನೂ ನುಡಿಸಿದರು. ಮೂರನೆಯ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ೧೯೫೧ರಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ಕೆಲವು ವರ್ಷ ತಡಮಾಡಿದ್ದರೆ ಆ ಕೈಯ ನುಡಿ ಹೀಗೆ ಉಳಿಯುತ್ತಿರಲಿಲ್ಲ.

ಮಹಾರಾಜರು ಅಷ್ಟಕ್ಕೆ ನಿಲ್ಲಲಿಲ್ಲ. ಫಿಲ್‌ಹಾರ್ಮೋನಿಯವನ್ನು ಕಟ್ಟಿದ ವಾಲ್ಟರ್ ಲೆಗ್ ಅವರಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷಗಳ ನೆರವು ನೀಡಿದರು. ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಗೀತೆಗಳು ಮೊಟ್ಟಮೊದಲು ಹಾಡಲ್ಪಟ್ಟಾಗ ಅದಕ್ಕೆ ಬೆಂಬಲವಾಗಿ ನಿಂತವರೂ, ತಮ್ಮ ಸಂಗ್ರಹಕ್ಕೆಂದು ಅದನ್ನು ಮುದ್ರಿಸಿಕೊಂಡವರೂ ಅವರೇ. ಆ ಗೀತೆಗಳಲ್ಲಿ ನಿದ್ರೆಯನ್ನು ಕುರಿತ ಒಂದರಲ್ಲಿ ಮಧ್ಯೆ ಕಂಠವು ನಿಂತು, ವಾದ್ಯವೃಂದದ ಮೇಲೆ ಒಂಟಿ ಪಿಟೀಲೊಂದು ತೇಲಿಬರುತ್ತದೆ. ಕೃತಿಕಾರರು ಅದಾಗಲೇ ತೀರಿಕೊಂಡಿದ್ದರು. ತಮ್ಮ ಕಡೆಯ ಗೀತೆಗಳನ್ನು ಅವರು ಕೇಳಲಿಲ್ಲ.

ಮೈಸೂರಿನ ಹಣ ಹೊರಗಿನವರಿಗೆ ಹೋಯಿತಲ್ಲ ಎಂಬ ಆಕ್ಷೇಪ ಏಳುವುದುಂಟು. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಮಹಾರಾಜರೇ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೀರ್ತನೆಗಳನ್ನು ರಚಿಸಿದವರೆಂಬುದು ಅದಕ್ಕೆ ಅರ್ಧ ಉತ್ತರ. ಉಳಿದರ್ಧ ಉತ್ತರವನ್ನು ಜಿನೆಟ್ ನವೂ ಎಂಬ ಫ್ರೆಂಚ್ ಪಿಟೀಲುಗಾರ್ತಿಯ ಬಾಳಿನಲ್ಲಿ ಕಾಣಬಹುದು. ಮಹಾರಾಜರು ಹುಟ್ಟಿದ ೧೯೧೯ರಲ್ಲಿಯೇ ಹುಟ್ಟಿದ ಆಕೆ, ಮೈಸೂರಿನ ನೆರವು ಬರುವ ಮುಂಚೆ, ಅದೇ ಫಿಲ್‌ಹಾರ್ಮೋನಿಯದೊಡನೆ ೧೯೪೫ರಲ್ಲಿ ಸಿಬೇಲಿಯಸ್ಸನ, ೧೯೪೬ರಲ್ಲಿ ಬ್ರಾಮ್ಸನ ಕನ್ಸರ್ಟೊಗಳನ್ನು ಮುದ್ರಿಸಿದರು. ೧೯೪೯ರ ಅಕ್ಟೋಬರಿನಲ್ಲಿ ವಿಮಾನವೊಂದು ಬಿದ್ದು ಮೂವತ್ತನೆಯ ವಯಸ್ಸಿನಲ್ಲಿ ಮಡಿದರು. ಮುಂದೆ ಮುದ್ರಿಸೋಣವೆಂದು ಬಿಟ್ಟದ್ದೆಲ್ಲ ಬಿಟ್ಟಂತೆಯೇ ಹೋಯಿತು. ಆದುದರಿಂದ ಮುಖ್ಯವಾದ ಪ್ರಶ್ನೆ ಹಣ ಯಾವ ದೇಶಕ್ಕೆ ಹೋಯಿತೆಂಬುದಲ್ಲ. ಉಳಿಸತಕ್ಕದ್ದನ್ನು ಗುರುತಿಸಿ, ಕಾಲ ಮೀರುವ ಮುಂಚೆ ಉಳಿಸಿದರೇ ಎಂಬುದು.

ಈ ಪ್ರಶ್ನೆಯನ್ನು ಈಗ ನಮ್ಮ ಊರುಗಳಿಗೆ ಹಾಕಿಕೊಳ್ಳೋಣ. ಅಥಣಿಯಲ್ಲೋ ರಾಯಬಾಗದಲ್ಲೋ ಭಜನೆಯ ಮೇಳವೊಂದು ಕೂತಿರುತ್ತದೆ. ಮುಂದಾಳು ಒಬ್ಬನು ಎತ್ತುತ್ತಾನೆ, ಹತ್ತು ಮಂದಿ ಹಿಮ್ಮೇಳದಲ್ಲಿ ಹಿಡಿಯುತ್ತಾರೆ. ತಾಳ, ತಬಲಾ, ಹಾರ್ಮೋನಿಯಂ ಜೊತೆಗೂಡುತ್ತವೆ. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿಯೂ ಇದೇ ಬಗೆ. ಒಂದಕ್ಕೂ ಹಲವಕ್ಕೂ ನಡೆಯುವ ಈ ಸಂವಾದ ಕನ್ಸರ್ಟೊದ ದೂರದ ನೆಂಟನೇ ಸರಿ. ಇಂದು ಮುದ್ರಣಕ್ಕೆ ಮಹಾರಾಜರು ಬೇಕಾಗಿಲ್ಲ. ಯಂತ್ರವು ಪ್ರತಿಯೊಬ್ಬನ ಜೇಬಿನಲ್ಲಿದೆ. ಆದರೂ ತಾಳದ ಪಕ್ಕದಲ್ಲಿಯೋ ಧ್ವನಿವರ್ಧಕದ ಮುಂದೆಯೋ ಫೋನನ್ನು ಹಿಡಿದು, ಎರಡು ನಿಮಿಷ ಮುದ್ರಿಸಿ, ನಾಲ್ಕು ಜನರಿಗೆ ಕಳುಹಿಸಿ ಮರೆಯುತ್ತೇವೆ. ಇದನ್ನು ಉಳಿಸುವುದೆಂದು ಹೇಳಲಾಗದು.

ಲಂಡನ್ನಿನ ಮುದ್ರಕರಿಂದ ನಾವು ಕಲಿಯತಕ್ಕ ಪಾಠ ಸುಲಭವಾದುದು. ಯಂತ್ರವನ್ನು ತಾಳಗಳಿಂದ ದೂರಮಾಡಿ, ಮುಂದಾಳಿನ ಕಂಠಕ್ಕೆ ಎದುರಾಗಿ, ನಾಲ್ಕಾರು ಅಡಿ ಅಂತರದಲ್ಲಿ, ಗಟ್ಟಿಯಾದ ನೆಲೆಯ ಮೇಲೆ ಇಡತಕ್ಕದ್ದು. ಮೊದಲು ಒಂದು ನಿಮಿಷ ಮುದ್ರಿಸಿ, ಕೇಳಿ, ಜಾಗವನ್ನು ಸರಿಪಡಿಸತಕ್ಕದ್ದು. ಹಾಡನ್ನು ನಡುವೆ ಕಡಿಯದೆ ಪೂರ್ತಿಯಾಗಿ ಹಿಡಿಯತಕ್ಕದ್ದು. ಆರಂಭದಲ್ಲಿಯೇ ಹಾಡುವವರ, ನುಡಿಸುವವರ, ಊರಿನ ಹೆಸರುಗಳನ್ನೂ ತೇದಿಯನ್ನೂ ಅವರ ಒಪ್ಪಿಗೆಯನ್ನೂ ಬಾಯಿಂದ ಹೇಳಿಸತಕ್ಕದ್ದು. ಹೆಸರಿಲ್ಲದ ಮುದ್ರಿಕೆಯು ಕಾಲಾಂತರದಲ್ಲಿ ಅನಾಥವಾಗುತ್ತದೆ. ಪ್ರತಿಗಳನ್ನು ಎರಡು ಕಡೆಗಳಲ್ಲಿ ಇಡತಕ್ಕದ್ದು. ಅವುಗಳಲ್ಲಿ ಒಂದು ಊರಿನ ಗ್ರಂಥಾಲಯವೋ ಕಾಲೇಜೋ ಆದರೆ ಲೇಸು. ಎಲ್ಲಕ್ಕೂ ಮಿಗಿಲಾಗಿ, ವಯಸ್ಸಾದವರನ್ನು ಮೊದಲು ಮುದ್ರಿಸತಕ್ಕದ್ದು.

ಮೆಟ್ನರ್ ಅವರ ಕೈಯನ್ನು ಅರಗಿನ ತಟ್ಟೆಯಲ್ಲಿ ಉಳಿಸಿದ್ದು ಒಬ್ಬ ಅರಸರ ಸಕಾಲದ ನಿರ್ಧಾರ. ನಮ್ಮ ಊರಿನ ಮುಂದಾಳಿನ ಕಂಠವನ್ನು ಉಳಿಸುವುದಕ್ಕೆ ಬೇಕಾದದ್ದು ಒಂದು ಸಂಜೆಯ ಬಿಡುವು, ಸ್ವಲ್ಪ ತಾಳ್ಮೆ.