ಸಕ್ಕರೆ ಬ್ಯಾನಿ ಮತ್ತು ಹೊನ್ನೆ ಮರ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ. ಯಾವ ಊರಿಗೆ ಹೋದರೂ ನಾವು ಒಂದು ಮಾತು ಕೇಳ್ತೀವಿ. "ಅಕ್ಕೋರ, ಸಕ್ಕರೆ ಬ್ಯಾನಿಗೆ ಗಿಡದ ಔಷಧ ಐತಂತ. ಗುಳಿಗಿ ಬಿಟ್ಟು ಅದನ್ನ ತಗೋಬಹುದೇನ್ರಿ?" ಈ ಹೊತ್ತು ಇದನ್ನೇ ಮಾತಾಡೋಣ.

ನಾವು ಉಂಡ ರೊಟ್ಟಿ, ಅನ್ನ ಹೊಟ್ಟೆಯಲ್ಲಿ ಸಕ್ಕರೆ ಆಗ್ತದೆ. ಅದು ರಕ್ತಕ್ಕೆ ಸೇರ್ತದೆ. ರಕ್ತದಿಂದ ಮೈಗೆ ಹತ್ತಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಆ ರಸ ಸಾಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳೀತದೆ. ಬಹಳ ದಿನ ಹೀಗೇ ಇದ್ದರೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಕೆಡುತ್ತವೆ.

ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿ ಇದೆ. ಅದರಿಂದ ಗುಣ ಆಗ್ತದೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊನ್ನೆಯ ಔಷಧವನ್ನು ಪರೀಕ್ಷೆ ಮಾಡಿಸಿತು. ಅದರ ಫಲ 1998ರಲ್ಲಿ ಅಚ್ಚಾಯಿತು. 97 ಜನ ಈ ಔಷಧ ತೆಗೆದುಕೊಂಡರು. 12 ವಾರದಲ್ಲಿ 67 ಜನರ ಸಕ್ಕರೆ ಹತೋಟಿಗೆ ಬಂತು.

ಹಂಗಾದರೆ ಗುಳಿಗಿ ಬಿಡೋಣ ಅನ್ನಬೇಡಿ. ಅವರಿಗೆ ಬ್ಯಾನಿ ಹೊಸದಾಗಿ ಬಂದಿತ್ತು. ಡಾಕ್ಟರು ಔಷಧ ಅಳೆದು ಕೊಡ್ತಿದ್ದರು. ಅವರ ರಕ್ತ ನೋಡ್ತಿದ್ದರು. ಲೋಟದ ನೀರಿಗೆ ಅಂಥ ಅಳತೆ ಎಲ್ಲಿದೆ?

ಇನ್ನೊಂದು ಮಾತು. ಅರ್ಧ ಹೊಲಕ್ಕೆ ಹೊಸ ಗೊಬ್ಬರ, ಅರ್ಧ ಹೊಲಕ್ಕೆ ಹಳೇ ಗೊಬ್ಬರ ಹಾಕಿದರೆ ಹೊಸದರ ಗುಣ ತಿಳೀತದೆ. ಎಲ್ಲ ಹೊಲಕ್ಕೂ ಹೊಸದನ್ನೇ ಹಾಕಿದರೆ ಜೋಳ ಗೊಬ್ಬರದಿಂದ ಬಂತೋ, ಮಳೆಯಿಂದ ಬಂತೋ? ಔಷಧಕ್ಕೂ ಇದೇ ನಿಯಮ. ಮೊದಲ ಪರೀಕ್ಷೆಯಲ್ಲಿ ಎಲ್ಲರಿಗೂ ಹೊನ್ನೆಯನ್ನೇ ಕೊಟ್ಟಿದ್ದರು. ಮುಂದೆ ಇನ್ನೊಂದು ಪರೀಕ್ಷೆ ನಡೆಯಿತು. ಅದರಲ್ಲಿ ಕೆಲವರಿಗೆ ಹೊನ್ನೆ, ಕೆಲವರಿಗೆ ಗುಳಿಗೆಯ ಔಷಧ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಆಗ ಯಾರ ಆಸೆಯೂ ಫಲವನ್ನು ಕೆಡಿಸುವುದಿಲ್ಲ.

ಗಿಡಕ್ಕೂ ಗುಳಿಗಿಗೂ ಜಗಳ ಇಲ್ಲ. ಮೆಟ್‌ಫಾರ್ಮಿನ್ ಎಂಬ ಗುಳಿಗಿಯ ಮೂಲ ಯುರೋಪಿನ ಒಂದು ಗಿಡ. ಆ ಗಿಡದ ಸತ್ವ ಸಕ್ಕರೆ ಇಳಿಸುತ್ತಿತ್ತು. ಆದರೆ ಅದರಲ್ಲಿ ವಿಷವೂ ಇತ್ತು. ಅದರಂಥದ್ದೇ, ಆದರೆ ಅಪಾಯ ಕಡಿಮೆ ಇರುವ ಔಷಧವನ್ನು ವಿಜ್ಞಾನಿಗಳು ಮಾಡಿದರು. ಅದು ರೋಗಿಗಳಿಗೆ ಫಲ ಕೊಟ್ಟಿತೆಂದು ಫ್ರಾನ್ಸಿನ ಡಾಕ್ಟರ್ ಜಾನ್ ಸ್ಟರ್ನ್ 1957ರಲ್ಲಿ ತಿಳಿಸಿದರು.

ಗುಳಿಗಿ ಬಿಟ್ಟರೆ ಸಕ್ಕರೆ ಏರ್ತದೆ. ಕಾಲಿನ ಗಾಯ ಬೇಗ ಮಾಯುವುದಿಲ್ಲ. ಕಾಲು ಕತ್ತರಿಸುವ ತನಕವೂ ಹೋಗಬಹುದು. ಗುಳಿಗಿ ಜೋಡಿ ಗಿಡದ ಔಷಧ ಕುಡಿದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಆಗ ಬೆವರು, ನಡುಕ ಬರ್ತದೆ, ಕಣ್ಣಿಗೆ ಕತ್ತಲೆ ಕವೀತದೆ. ಆದ್ದರಿಂದ ಡಾಕ್ಟರಿಗೆ ಏನೂ ಮುಚ್ಚಿಡಬೇಡಿ. ಅವರನ್ನು ಕೇಳದೆ ಗುಳಿಗಿ ಬಿಡಬೇಡಿ.

ಬನಶಂಕರಿ ಜಾತ್ರೆಯಲ್ಲಿ ಯಾರಾದರೂ ಸಕ್ಕರೆ ಬ್ಯಾನಿಯ ಪುಡಿ ಮಾರಲು ಬಂದರೆ ಚೀಟಿ ಓದಿ. ಈಗ ನಮಗೆ ಓದಲು ಬರ್ತದೆ. ಇದರಾಗ ಏನು ಹಾಕೀರಿ? ಎಷ್ಟು ಜನರಿಗೆ ಕೊಟ್ಟು ನೋಡೀರಿ? ಧೈರ್ಯವಾಗಿ ಕೇಳಿ. ರಕ್ತ ಪರೀಕ್ಷೆಯ ಅಂಕಿಯನ್ನು ನೀವೇ ಓದಿ, ತಾರೀಖು ಹಾಕಿ ಬರೆದಿಡಿ. ದವಾಖಾನೆಗೆ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.