ರೋಗಕಾಲದಲ್ಲಿ ಮೋಜಿನ ವಿದೇಶ ಪ್ರವಾಸ
(ತಾಳಗುಪ್ಪದಲ್ಲಿ ಮಾಡಿದ ಭಾಷಣ)

2020ರ ಮಾರ್ಚಿಯಲ್ಲಿ ನಮ್ಮ ತಾಳಗುಪ್ಪದ ರೈಲು ನಿಂತಿತು. ಜೋಗ ನೋಡುವ ಜನವಿಲ್ಲದೆ ಚಹದಂಗಡಿಯವರೂ ಬಾಡಿಗೆ ಗಾಡಿಯವರೂ ಕೈಕಟ್ಟಿ ಕುಳಿತರು. ಅದೇ ತಿಂಗಳು ನಿಂತ ವಿದೇಶೀ ವಿಮಾನಗಳ ನಿಯತ ಸಂಚಾರ ಮರಳಿ ಆರಂಭವಾದದ್ದು 2022ರ ಮಾರ್ಚಿ 27ರಂದು. ಆದರೆ ನಡುವೆ ಸರಕಾರ ಸರಕಾರಗಳ ಒಪ್ಪಂದದ ವಿಮಾನಗಳಿದ್ದವು. ಉಳ್ಳವರು ಮಾಲ್ಡೀವ್ಸಿಗೆ ರಜೆ ಕಳೆಯಲು ಹೋಗಿಬಂದರು. ಕಾನೂನು ಬಿಟ್ಟಿದೆ, ತಪ್ಪೇನೆಂದು ಕೇಳಿದರು.

ಕಾನೂನು ಬಿಟ್ಟಿತ್ತು, ನಿಜ. ಅವರ ಪೆಟ್ಟಿಗೆ ಹೊತ್ತವನು, ಕಾರು ಓಡಿಸಿದವನು, ಕೋಣೆ ಗುಡಿಸಿದವಳು ಸೋಂಕು ತಗಲಿ ಮನೆಯಲ್ಲಿ ಕೂತರೆ ಕೂಲಿ ಕೊಡುವವರಾರು? ದುಬೈಯಲ್ಲಿ ದುಡಿಯುವ ಮಗ ತಾಯಿಯನ್ನು ನೋಡಲು ಬರುವುದು ಬೇರೆ ಮಾತು. ಅವನನ್ನು ತಡೆಯಿರೆಂದು ನಾವು ಹೇಳೆವು. ಮೋಜು ಒಂದು ವರ್ಷ ಕಾಯಬಹುದು. ಕಾಯಲೊಲ್ಲೆನೆಂಬವರ ಟಿಕೆಟ್ಟಿಗೆ ತೆರಿಗೆ ಹಾಕಿ, ಆ ಹಣದಿಂದ ಈ ಕೂಲಿ ಕೊಡಬೇಕೆಂಬುದು ನಮ್ಮ ಒತ್ತಾಯ.